ಕ್ವಿಲ್ಟಿನ ಕೆಂಪು ಬಣ್ಣ ಬಿಳಿ ತುಂಡಿಗೆ ಹತ್ತಿದಾಗ ತೆಗೆದ ಬಗೆ

ಉಡುಗೊರೆಗೆಂದು ಹೊಲಿದ ಕ್ವಿಲ್ಟ್, ಅಂದರೆ ಬಟ್ಟೆಯ ತುಂಡುಗಳನ್ನು ಜೋಡಿಸಿದ ಕೌದಿಯಂಥ ಹೊದಿಕೆ. ಮೊದಲ ಸಲ ಒಗೆದಾಗಲೇ ಕೆಂಪು ಕಾಟನ್ ಬಣ್ಣ ಬಿಟ್ಟು, ಪಕ್ಕದ ಬಿಳಿ ತುಂಡುಗಳೆಲ್ಲ ತಿಳಿ ಗುಲಾಬಿಯಾದವು. ಹೊಲಿಗೆಯ ಅಂಚಿನಲ್ಲಂತೂ ಕಲೆ ಇನ್ನೂ ಗಾಢ.

ವಿನೆಗರ್, ಉಪ್ಪು ಎರಡೂ ಸುಮ್ನೆ ದಂಡ. ತಣ್ಣೀರಲ್ಲಿ ಮತ್ತೆ ಮತ್ತೆ ಒಗೆದರೂ ಅಷ್ಟೇ. ಬ್ಲೀಚ್ ಮುಟ್ಟಲಿಲ್ಲ, ಕೆಂಪೂ ಹೋಗಿಬಿಡುತ್ತದೆ ಅಲ್ವಾ.

ಕೊನೆಗೆ ಕೆಲಸ ಮಾಡಿದ್ದು ಬಿಸಿನೀರಲ್ಲಿ ನೆನೆಹಾಕಿದ್ದು. ದೊಡ್ಡ ಟಬ್‌ನಲ್ಲಿ ಸುಮಾರು 60 ಡಿಗ್ರಿ ಸೆಲ್ಸಿಯಸ್ ನೀರು, ಕಾಲು ಕಪ್ ಪಾತ್ರೆ ತೊಳೆಯುವ ಲಿಕ್ವಿಡ್. ಅದಕ್ಕೆ ಬಣ್ಣ ಇರದಿದ್ದರೆ ಒಳ್ಳೆಯದು. ಕ್ವಿಲ್ಟನ್ನು ಸಡಿಲವಾಗಿ ಇಳಿಬಿಡಿ, ಮಡಚಿ ತುರುಕಬೇಡಿ. ನೀರು ಜಾಸ್ತಿಯೇ ಇರಲಿ: ಬಿಟ್ಟ ಬಣ್ಣ ನೀರಲ್ಲೇ ಉಳಿಯಬೇಕು, ಬಟ್ಟೆಗೆ ಮರಳಬಾರದು. ನೀರಿನಿಂದ ಮೇಲೆದ್ದ ಮೂಲೆಯಲ್ಲೇ ಬಣ್ಣ ಕೂರುವುದು. ಅದಕ್ಕೇ ನೀರು ತುಂಬಿದ ಬಾಟಲಿಗಳನ್ನು ಮೇಲೆ ಹೇರಿ ಪೂರ್ತಿ ಮುಳುಗಿಸಿ. 12 ಗಂಟೆ ಬಿಡಿ. ಆಮೇಲೆ ಗಾಜಿನ ಲೋಟದಲ್ಲಿ ಆ ನೀರು ತೆಗೆದು ನೋಡಿ. ಗುಲಾಬಿ ಕಂಡರೆ ಚೆಲ್ಲಿ, ಮತ್ತೆ ಹೊಸ ಬಿಸಿನೀರು, ಹೊಸ ಲಿಕ್ವಿಡ್. ತಿಳಿಯಾಗುವ ತನಕ ಇದೇ. ನಡುವೆ ಒಣಗಲು ಬಿಡಬೇಡಿ, ಡ್ರೈಯರ್‌ಗಂತೂ ಹಾಕಲೇಬೇಡಿ.

ಒಳಗೆ ಉಣ್ಣೆಯ ಬ್ಯಾಟಿಂಗ್ (ಬಟ್ಟೆಯ ಪದರಗಳ ನಡುವೆ ತುಂಬುವ ಮೆತ್ತನೆಯ ಹಾಸು) ಇದ್ದರೆ ಈ ದಾರಿ ಬೇಡ, ಕುಗ್ಗಬಹುದು.

ಹೊಸ ಕ್ವಿಲ್ಟಿಗೆ ಈಗ ಬಟ್ಟೆ ಕತ್ತರಿಸುವ ಮೊದಲೇ ಕೆಂಪು, ಕಡುನೀಲಿಯ ಚೂರನ್ನು ಬಿಸಿನೀರಲ್ಲಿ ನೆನೆಸಿ, ಬಿಳಿ ಬಟ್ಟೆಯ ಮೇಲಿಟ್ಟು ಒಣಗಿಸಿ ನೋಡುತ್ತೇನೆ.