ಡಿಸೋಜ: ಒಂದು ಹೊಳೆಯ ಹೆಸರಿನ ಜಾಡು ಹಿಡಿಯುವ ಬಗೆ

ಮಂಗಳೂರಿನ ಇಗರ್ಜಿಗಳ (ಚರ್ಚುಗಳ) ಕುಟುಂಬಪಟ್ಟಿಯಲ್ಲಿ ಡಿಸೋಜರಿಗೆ ಬರವಿಲ್ಲ. ಅದೇ ಹೆಸರು ಬ್ರೆಜಿಲ್‌ನ ಒಂದು ಊರಿಗಿದೆ, ಆಫ್ರಿಕಾದ ಬೆನಿನ್‌ನಲ್ಲಿ ಒಂದು ದೊಡ್ಡ ಮನೆತನಕ್ಕಿದೆ, ಅಮೆರಿಕದ ಬ್ಯಾಂಡ್ ಸೆಟ್ಟಿನ ಒಂದು ಭಾರಿ ಕಹಳೆಗೂ ಇದೆ. ಇವನ್ನೆಲ್ಲ ಒಂದೇ ವಂಶವೃಕ್ಷಕ್ಕೆ ಕಟ್ಟಲು ಹೊರಟವರು ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. ಈ ಹೆಸರು ರಕ್ತದಿಂದ ಹರಿದದ್ದಕ್ಕಿಂತ ಕೈಯಿಂದ ಕೈಗೆ ದಾಟಿದ್ದೇ ಹೆಚ್ಚು. ಹಾಗಾಗಿ ಪ್ರತಿ ಕವಲಿನಲ್ಲೂ ಕೇಳಬೇಕಾದ್ದು ‘ಯಾರ ಮಗ’ ಎಂದಲ್ಲ, ‘ಈ ಹೆಸರನ್ನು ಯಾರು, ಯಾರಿಗೆ, ಯಾಕೆ ಕೊಟ್ಟರು’ ಎಂದು.

ಮೊದಲು ಹೆಸರನ್ನು ಬಿಡಿಸಿ

ಡಿಸೋಜದಲ್ಲಿ ಎರಡು ತುಂಡುಗಳಿವೆ: ‘ದ’ ಮತ್ತು ‘ಸೋಜ’. ಪೋರ್ಚುಗೀಸಿನ ‘ದ’ ಎಂದರೆ ‘ಅಲ್ಲಿಯ’. ಉತ್ತರ ಕನ್ನಡದವರು ಊರಿನ ಹೆಸರಿಗೆ ‘ಕರ್’ ಸೇರಿಸಿ ಅಂಕೋಲೇಕರ್ ಎನ್ನುವ ಹಾಗೆ. ಪೋರ್ಚುಗೀಸರು ಎರಡನ್ನೂ ಬಿಡಿಯಾಗಿ ಬರೆಯುತ್ತಾರೆ. ವ್ಯಂಜನದ ಮುಂದೆ ಅಪಾಸ್ಟ್ರಫಿ ಹಾಕಿ ಅಂಟಿಸುವುದು ಭಾರತದಲ್ಲಿ ಬೆಳೆದ ರೂಢಿ. ಇದರ ಪರಿಣಾಮ ಹುಡುಕುವವರ ತಲೆಗೇ ಬರುತ್ತದೆ: ಪೋರ್ಚುಗೀಸ್ ಅಕಾರಾದಿಯಲ್ಲಿ ಈ ಹೆಸರು ‘ಎಸ್’ ಅಡಿಯಲ್ಲಿರುತ್ತದೆ, ನಮ್ಮಲ್ಲಿ ‘ಡಿ’ ಅಡಿಯಲ್ಲಿ. ಒಂದನ್ನೇ ನೋಡಿ ಇಲ್ಲವೆಂದು ಎದ್ದುಬರಬೇಡಿ.

ಕಾಗುಣಿತವೂ ಎರಡು. ಹಳೆಯ ಬರಹದಲ್ಲಿ ಎಸ್, ಝಡ್ ಎರಡೂ ಬಳಕೆಯಲ್ಲಿದ್ದವು. 1911ರ ಕಾಗುಣಿತ ಸುಧಾರಣೆಯ ನಂತರ ಪೋರ್ಚುಗಲ್‌ನಲ್ಲಿ ಎಸ್ ನಿಂತಿತು. ಬ್ರೆಜಿಲ್‌ನಲ್ಲೂ ನಮ್ಮಲ್ಲೂ ಝಡ್ ಇಂದಿಗೂ ಧಾರಾಳ. ಆದ್ದರಿಂದ ಕಂಪ್ಯೂಟರಿನಲ್ಲಿ ಹುಡುಕುವಾಗ ನಾಲ್ಕು ರೂಪ ಹಾಕಿ: ‘ದ’ ಬಿಡಿಯಾಗಿ, ಅಪಾಸ್ಟ್ರಫಿಯೊಂದಿಗೆ, ಅಪಾಸ್ಟ್ರಫಿ ಇಲ್ಲದೆ ಕೂಡಿಸಿ, ‘ದ’ ಇಲ್ಲದೆಯೇ. ನಾಲ್ಕನ್ನೂ ಎಸ್‌ನಲ್ಲೊಮ್ಮೆ, ಝಡ್‌ನಲ್ಲೊಮ್ಮೆ, ಒಟ್ಟು 8 ಸಲ. ಡಿಸಾ ಎಂಬ ಹೆಸರನ್ನು ಇದರ ಮೊಟಕು ರೂಪ ಎಂದುಕೊಳ್ಳಬೇಡಿ. ಅದು ‘ಸಾ’ ಎಂಬ ಬೇರೆಯೇ ಹೆಸರು. ಟ್ಯುನೀಷಿಯಾದ ಸೂಸ್, ಇರಾನಿನ ಹಳೆಯ ಸೂಸಾ ನಗರಗಳಿಗೂ ಇದಕ್ಕೂ ಸಂಬಂಧವಿಲ್ಲ.

ಮೂಲಕ್ಕೆ ಹೋದರೆ ಸಿಗುವುದು ನೀರು

ಸೋಜ ಉತ್ತರ ಪೋರ್ಚುಗಲ್‌ನ ಒಂದು ಸಣ್ಣ ನದಿ. ಫೆಲ್ಗೇರಸ್ ಕಡೆ ಹುಟ್ಟಿ, ಪೋರ್ಟೊ ನಗರಕ್ಕೆ ಸ್ವಲ್ಪ ಮೇಲೆ ಡೋರು ನದಿಯನ್ನು ಸೇರುತ್ತದೆ. ಸೇರುವ ಜಾಗದ ಹೆಸರೇ ಫೋಜ್ ದು ಸೋಜ; ಫೋಜ್ ಎಂದರೆ ಹೊಳೆಯ ಬಾಯಿ. ಕಣಿವೆಯ ಪಾಸು ದ ಸೋಜ ಎಂಬಲ್ಲಿ ಹಳೆಯ ಮಠವಿದೆ. ಪೋರ್ಚುಗಲ್‌ನ ಮೊದಲ ದೊರೆಯನ್ನು ಸಾಕಿ ಬೆಳೆಸಿದ, 1146ರಲ್ಲಿ ತೀರಿಕೊಂಡ ಎಗಸ್ ಮೊನೀಸ್‌ನ ಗೋರಿ ಅಲ್ಲಿದೆ. ಈ ಕಣಿವೆಯ ಒಡೆತನ ಹಿಡಿದ ಸಾಮಂತರು ನೆಲದ ಹೆಸರನ್ನೇ ಮನೆತನಕ್ಕೆ ಇಟ್ಟುಕೊಂಡರು. ಕಣಿವೆ ಬಿಟ್ಟು ಬೇರೆಡೆ ಹೋದ ಸಾಮಾನ್ಯರಿಗೂ ‘ಸೋಜದವನು’ ಎಂಬ ಗುರುತು ಅಂಟಬಹುದಿತ್ತು. ಎಂದರೆ ಪೋರ್ಚುಗಲ್‌ನೊಳಗೇ ಎಲ್ಲ ಸೋಜರೂ ಒಂದೇ ಮನೆಯವರಲ್ಲ.

ಹೆಸರು ಕೈ ದಾಟಿದ ಬಗೆಗಳು

ಅಧಿಕಾರದ ದಾರಿ ಎಲ್ಲಕ್ಕಿಂತ ಸುಲಭ, ಇಸವಿಗಳು ಸಿಗುತ್ತವೆ. ಮಾರ್ತಿಂ ಅಫೊನ್ಸು ದ ಸೋಜ 1532ರಲ್ಲಿ ಬ್ರೆಜಿಲ್‌ನ ಸಾವ್ ವಿಸೆಂತಿ ಸ್ಥಾಪಿಸಿದ. ಹತ್ತೇ ವರ್ಷಕ್ಕೆ, 1542ರಲ್ಲಿ, ಗೋವೆಯ ಗವರ್ನರ್ ಆಗಿ ಬಂದಿಳಿದ. ಫ್ರಾನ್ಸಿಸ್ ಜೇವಿಯರ್ ಬಂದದ್ದೂ ಅವನ ಹಡಗುಗಳ ಜೊತೆಗೇ. ತೊಮೆ ದ ಸೋಜ 1549ರಲ್ಲಿ ಬ್ರೆಜಿಲ್‌ನ ಮೊದಲ ಗವರ್ನರ್ ಜನರಲ್ ಆಗಿ ಸಾಲ್ವಡೋರ್ ಕಟ್ಟಿಸಿದ. ಬ್ರೆಜಿಲ್‌ನ ಪರಾಯಿಬಾ ರಾಜ್ಯದಲ್ಲಿ ಡೈನೊಸಾರ್ ಹೆಜ್ಜೆಗುರುತುಗಳಿಗೆ ಹೆಸರಾದ ಸೋಜ ಊರಿದೆಯಲ್ಲ, ಅದರ ಹೆಸರು ಈ ಇಬ್ಬರಿಂದ ಬಂದದ್ದಲ್ಲ. ಬೆಂತು ಫ್ರೇರಿ ದ ಸೋಜ ಎಂಬ ಸ್ಥಳೀಯ ಮುಂದಾಳಿನಿಂದ ಬಂತು. ಊರಿನ ಹೆಸರು ಕಂಡ ಕೂಡಲೇ ಅತಿ ಪ್ರಸಿದ್ಧ ವ್ಯಕ್ತಿಗೆ ಗಂಟು ಹಾಕುವ ಚಟವನ್ನು ಇಲ್ಲೇ ಬಿಡಿ.

ದೀಕ್ಷಾಸ್ನಾನದ ದಾರಿ ನಮಗೆ ಹತ್ತಿರದ್ದು. ಗೋವೆಯಲ್ಲಿ ಮತಾಂತರವಾದವರಿಗೆ ಧರ್ಮಪಿತನ (ದೀಕ್ಷೆಯ ಹೊತ್ತಿನಲ್ಲಿ ಹೊಣೆ ಹೊತ್ತು ನಿಲ್ಲುವವನ) ಅಥವಾ ದೀಕ್ಷೆ ಕೊಟ್ಟ ಪಾದ್ರಿಯ ಮನೆತನದ ಹೆಸರು ಬಂತು. ಒಂದೇ ದಿನ ದೀಕ್ಷೆ ಪಡೆದ ಸಂಬಂಧವಿಲ್ಲದ ಎರಡು ಮನೆಗಳು ಒಂದೇ ಹೆಸರು ಹೊತ್ತು ಹೊರಬರಬಹುದು; ಒಂದೇ ಕುಟುಂಬದ ಎರಡು ಕವಲು ಬೇರೆ ಹೆಸರು ಪಡೆಯಬಹುದು. ಈ ಎರಡನೆಯದನ್ನು ಮರೆಯುವವರೇ ಹೆಚ್ಚು. ನಿಮ್ಮ ನಿಜವಾದ ದಾಯಾದಿ ಒಬ್ಬ ಲೋಬೊ ಆಗಿರಬಹುದು, ಪಕ್ಕದ ಮನೆಯ ಡಿಸೋಜ ಯಾರೋ ಆಗಿರಬಹುದು.

ಶ್ರೀಲಂಕಾದಲ್ಲಿ ಇದೇ ಹೆಸರು ಡಿ ಸೊಯ್ಸಾ, ಡಿ ಜೊಯ್ಸಾ ಆಯಿತು. ಪೋರ್ಚುಗೀಸರು 1658ರಲ್ಲಿ ಅಲ್ಲಿಂದ ಕಾಲ್ತೆಗೆದರೂ ಹೆಸರು ಉಳಿಯಿತು. ಅದನ್ನು ಹೊತ್ತವರಲ್ಲಿ ಬೌದ್ಧರೂ ಇದ್ದಾರೆ, ಹಾಗಾಗಿ ಅಲ್ಲಿ ಹೆಸರು ನೋಡಿ ಧರ್ಮ ಊಹಿಸುವಂತಿಲ್ಲ.

ಬೆನಿನ್‌ನ ಕತೆ ಕರಾಳ. ಬ್ರೆಜಿಲ್‌ನಿಂದ ಹೋದ ಫ್ರಾನ್ಸಿಸ್ಕೊ ಫೆಲಿಕ್ಸ್ ದ ಸೋಜ ವೀದಾ ಬಂದರಿನ ದೊಡ್ಡ ಗುಲಾಮ ವ್ಯಾಪಾರಿ. ಅಲ್ಲಿನ ದಹೊಮೆ ರಾಜ್ಯದ ದೊರೆ ಗೆಜೊ ಅವನಿಗೆ ‘ಶಾಶಾ’ ಎಂಬ ಪದವಿ ಕೊಟ್ಟಿದ್ದ. 1849ರಲ್ಲಿ ಸತ್ತ. ಅವನ ಸಂತತಿ ಇಂದಿಗೂ ಅಲ್ಲಿ ಗಣ್ಯ ಮನೆತನ. ಇತ್ತ ಬ್ರೆಜಿಲ್‌ನಲ್ಲಿ ಗುಲಾಮರಿಗೆ ಒಡೆಯರ ಹೆಸರೇ ಅಂಟಿದ್ದುಂಟು. ಅಂಥಲ್ಲಿ ಹೆಸರು ಹೇಳುವುದು ರಕ್ತಸಂಬಂಧವನ್ನಲ್ಲ, ಯಾರ ವಶದಲ್ಲಿದ್ದರು ಎಂಬುದನ್ನು.

ಮಂಗಳೂರಿನಿಂದ ಹಿಂದಕ್ಕೆ

ಜನನದಿಂದಲ್ಲ, ಮದುವೆಯ ದಾಖಲೆಯಿಂದ ಶುರು ಮಾಡಿ. ಗಂಡು ಹೆಣ್ಣು ಇಬ್ಬರ ತಂದೆತಾಯಿ, ಇಬ್ಬರ ಇಗರ್ಜಿ ಒಂದೇ ಸಾಲಿನಲ್ಲಿ ಸಿಗುವುದರಿಂದ ಮುಂದಿನ ಹುಡುಕಾಟ ಎಲ್ಲಿ ಎಂದು ತಿಳಿಯುತ್ತದೆ. ಹೀಗೆ ತಲೆಮಾರು ತಲೆಮಾರಾಗಿ ಹಿಂದೆ ಹೋದರೆ 1784ರ ಗೋಡೆ ಎದುರಾಗುತ್ತದೆ. ಆ ವರ್ಷ ಟಿಪ್ಪು ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಮಿಲಾಗ್ರಿಸ್ ಸಹಿತ ಹಲವು ಇಗರ್ಜಿಗಳು ನೆಲಸಮವಾದವು. ಬದುಕುಳಿದವರಿಗೆ ಬಿಡುಗಡೆಯಾದದ್ದು 1799ರಲ್ಲಿ. ಆ ಅಂತರವನ್ನು ಊಹೆಯಿಂದ ತುಂಬಬೇಡಿ, ಖಾಲಿಯೇ ಬಿಡಿ.

ಗೋಡೆ ದಾಟಲು ನೆರವಾಗುವುದು ಪೋರ್ಚುಗೀಸ್ ಹೆಸರಲ್ಲ, ಅದರ ಹಿಂದಿನ ಹೆಸರು. ಹಲವು ಮನೆಗಳಲ್ಲಿ ಪ್ರಭು, ಕಾಮತ್, ಶೆಣೈ, ನಾಯಕ್, ಶೇಟ್ ಎಂಬ ನೆನಪು ಉಳಿದಿದೆ. ಹಿರಿಯರಿದ್ದಾಗಲೇ ಕೇಳಿ ಬರೆದಿಡಿ. ಜೊತೆಗೆ ಮನೆತನ ಗೋವೆಯ ಯಾವ ಹಳ್ಳಿಯಿಂದ ಬಂತು ಎಂದೂ ಕೇಳಿ. ಹಳ್ಳಿ ಗೊತ್ತಿಲ್ಲದೆ ಪಣಜಿಯ ಪತ್ರಾಗಾರಕ್ಕೆ ಹೋದರೆ ಡಿಸೋಜರ ಸಾಗರದಲ್ಲಿ ಮುಳುಗುತ್ತೀರಿ. ಲಿಸ್ಬನ್‌ವರೆಗೆ ಹೋಗಬೇಕಾಗಿಲ್ಲ. ಮಂಗಳೂರಿನ ಮನೆಯೊಂದರ ಹುಡುಕಾಟ ಸಾಮಾನ್ಯವಾಗಿ ಗೋವೆಯ ಹಳ್ಳಿಯಲ್ಲೇ ಮುಗಿಯಬೇಕು.

ಪೋರ್ಚುಗೀಸ್ ದಫ್ತರದಲ್ಲಿ ತಪ್ಪು ಓದು ಆಗುವ ಜಾಗಗಳು ಗೊತ್ತಿರಲಿ. ‘ಪಾಯ್’ ಎಂದರೆ ತಂದೆ, ‘ಪದ್ರೀನ್ಯು’ ಎಂದರೆ ಧರ್ಮಪಿತ. ಒಂದೇ ನಮೂದಿನಲ್ಲಿ ಇಬ್ಬರೂ ಇರುತ್ತಾರೆ, ಅದಲುಬದಲಾದರೆ ಇಡೀ ವಂಶವೇ ಬೇರೆಯಾಗುತ್ತದೆ. ‘ನತುರಾಲ್ ದ’ ಎಂದರೆ ಹುಟ್ಟಿದ ಊರು, ‘ಮೊರಾದೋರ್’ ಎಂದರೆ ಈಗ ವಾಸವಿರುವವನು. ತಿಂಗಳುಗಳಲ್ಲಿ ‘7ಬ್ರೊ’ ಕಂಡರೆ ಜುಲೈ ಅಲ್ಲ, ಸೆಪ್ಟೆಂಬರ್. ಲ್ಯಾಟಿನ್‌ನ ಏಳು ಆ ಹೆಸರಿನಲ್ಲೇ ಇದೆ. 8 ಅಕ್ಟೋಬರ್, 9 ನವೆಂಬರ್, ರೋಮನ್ ಹತ್ತರ ಗುರುತಿದ್ದರೆ ಡಿಸೆಂಬರ್. ‘ರೊಯಿಜ್’ ಎಂಬುದು ಹೊಸ ಮನೆತನವಲ್ಲ, ರೊಡ್ರಿಗಸ್‌ನ ಸಂಕ್ಷೇಪ.

ನಕ್ಷೆ ಬರೆಯುವಾಗ ಗೆರೆಗಳನ್ನು ಬೇರೆ ಬೇರೆ ಎಳೆಯಿರಿ: ರಕ್ತಸಂಬಂಧಕ್ಕೆ ಗಟ್ಟಿ ಗೆರೆ, ದೀಕ್ಷೆಯಲ್ಲಿ ಬಂದ ಹೆಸರಿಗೆ ಚುಕ್ಕಿ ಗೆರೆ, ಒಡೆಯನಿಂದ ಬಂದದ್ದಕ್ಕೆ ಬೇರೆ ಬಣ್ಣ.

ಚಂದದ ಕತೆ ಬಂದಾಗ

ಅಮೆರಿಕದ ಬ್ಯಾಂಡ್ ಸಂಗೀತಗಾರ ಜಾನ್ ಫಿಲಿಪ್ ಸೂಸಾ (1854–1932) ಬಗ್ಗೆ ಒಂದು ದಂತಕತೆ ಓಡಾಡುತ್ತಿತ್ತು: ಅವನ ನಿಜವಾದ ಹೆಸರು ‘ಸೊ’, ಪೆಟ್ಟಿಗೆಯ ಮೇಲಿನ ‘ಯುಎಸ್‌ಎ’ ಸೇರಿ ಸೂಸಾ ಆಯಿತು ಎಂದು. ಸುಳ್ಳು. ತಂದೆ ಜುವಾಂವ್ ಅಂತೋನಿಯು ದ ಸೋಜ, ಪೋರ್ಚುಗೀಸ್ ದಂಪತಿಗೆ ಸ್ಪೇನಿನ ಸೆವಿಲ್‌ನಲ್ಲಿ ಹುಟ್ಟಿದವನು, ಅಮೆರಿಕದ ಮರೀನ್ ಬ್ಯಾಂಡಿನಲ್ಲಿ ಟ್ರಾಂಬೋನ್ ನುಡಿಸುತ್ತಿದ್ದ. ತಂದೆಯ ದಾಖಲೆಯೊಂದನ್ನು ತೆಗೆದರೆ ಕತೆ ಬಿದ್ದುಹೋಗುತ್ತದೆ. ಮಗನ ಸೂಚನೆಯಂತೆ 1890ರ ದಶಕದಲ್ಲಿ ತಯಾರಾದ, ಮೈಗೆ ಸುತ್ತಿಕೊಂಡು ನುಡಿಸುವ ಕಹಳೆಯೇ ಸೂಸಾಫೋನ್. ನಕ್ಷೆಯಲ್ಲಿ ಅದಕ್ಕೂ ಜಾಗ ಬೇಕಿದ್ದರೆ ಚುಕ್ಕಿ ಗೆರೆ ಸಾಕು.