ತಾತ್ಕಾಲಿಕ ಕಾಂಟ್ರ್ಯಾಕ್ಟ್ ಕೆಲಸದ ಹಣ ಮತ್ತು ಅಮೆರಿಕದ ತೆರಿಗೆ: ಹೊಸಬರಿಗೆ ಮಾರ್ಗದರ್ಶಿ

ಊರಿನಲ್ಲಿ ಕನ್ಸಲ್ಟಿಂಗ್ ಮಾಡಿದವರಿಗೆ ಟಿಡಿಎಸ್ ಕಳೆದು ಉಳಿದ ಹಣ ಕೈಗೆ ಬಂದು ಅಭ್ಯಾಸ. ಅದೇ ಧೈರ್ಯದಲ್ಲಿ ಇಲ್ಲಿಗೆ ಬಂದ ಮೊದಲ ವರ್ಷ ನಾಲ್ಕು ತಿಂಗಳು ಸಬ್‌ಕಾಂಟ್ರ್ಯಾಕ್ಟ್ ಮೇಲೆ ಟೆಸ್ಟಿಂಗ್ ಕೆಲಸ ಮಾಡಿದ ನಾನು, ಬಂದ ಹಣವೆಲ್ಲ ನಮ್ಮದೇ ಎಂದುಕೊಂಡು ಡಿಸೆಂಬರಿನಲ್ಲಿ ಮನೆಯ ನಾಲ್ವರಿಗೂ ಬೆಂಗಳೂರಿಗೆ ಟಿಕೆಟ್ ತೆಗೆಸಿದೆ. ಏಪ್ರಿಲಿನಲ್ಲಿ ರಿಟರ್ನ್ ತುಂಬಲು ಕುಳಿತಾಗ, ಆ ಹಣದಿಂದ ಒಂದು ಸೆಂಟನ್ನೂ ಯಾರೂ ಹಿಡಿದಿರಲಿಲ್ಲವೆಂದು ತಿಳಿಯಿತು.

ಮೊದಲು ವೀಸಾ

ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿರುವವರು ಪ್ರಾಯೋಜಕ ಕಂಪನಿಯ ಹೊರಗೆ ಫ್ರೀಲಾನ್ಸ್ ಮಾಡುವಂತಿಲ್ಲ. ಅವರ ಬಾಳಸಂಗಾತಿಯಾಗಿ ಎಚ್-4 ವೀಸಾದಲ್ಲಿರುವವರು ಇಎಡಿ ಎಂಬ ಕೆಲಸದ ಪರವಾನಗಿ ಕಾರ್ಡ್ ಕೈಗೆ ಬಂದ ಮೇಲೆ ಮಾಡಬಹುದು. ತೆರಿಗೆ ಕಟ್ಟಿದರೆ ಎಲ್ಲವೂ ಸರಿಹೋಗುತ್ತದೆಂದು ನಂಬಲು ಇದು ನಮ್ಮ ಅಕ್ರಮ-ಸಕ್ರಮ ಯೋಜನೆಯಲ್ಲ.

ನೋಯಿಸುವ ತೆರಿಗೆ

ಸಂಬಳದ ಕೆಲಸದಲ್ಲಿ ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ) ಮತ್ತು ಮೆಡಿಕೇರ್‌ಗಾಗಿ (ಹಿರಿಯರ ಆರೋಗ್ಯ ವಿಮೆ) ನಿಮ್ಮಿಂದ ಶೇ. 7.65 ಕಡಿತವಾಗುತ್ತದೆ, ಅಷ್ಟನ್ನೇ ಕಂಪನಿಯೂ ಕಟ್ಟುತ್ತದೆ. ಕಾಂಟ್ರ್ಯಾಕ್ಟ್ ಕೆಲಸದಲ್ಲಿ ಎರಡೂ ಪಾಲು ನಿಮ್ಮದೇ, ಅಂದರೆ ಶೇ. 15.3, ಖರ್ಚು ಕಳೆದ ನಿವ್ವಳ ವರಮಾನ 400 ಡಾಲರ್ ಮುಟ್ಟಿದರೆ ಸಾಕು, ಇದು ಅನ್ವಯಿಸುತ್ತದೆ. ಉದಾಹರಣೆಗೆ 8,000 ಡಾಲರ್ ಬಂದು 1,000 ಖರ್ಚಾಗಿದ್ದರೆ, ರಿಟರ್ನಿನೊಂದಿಗೆ ಸ್ವಂತ ಕೆಲಸದ ಲಾಭ ತೋರಿಸುವ ಶೆಡ್ಯೂಲ್ ಸಿಯಲ್ಲಿ 7,000 ಉಳಿಯುತ್ತದೆ. ಈ ಶೇ. 15.3ರ ತೆರಿಗೆಯ ಲೆಕ್ಕದ ಹಾಳೆಯಾದ ಶೆಡ್ಯೂಲ್ ಎಸ್ಇಯಲ್ಲಿ ಅದರ ಶೇ. 92.35ರ ಮೇಲೆ ಲೆಕ್ಕ ಹಾಕಿದಾಗ ಸುಮಾರು 989 ಡಾಲರ್ ಆಗುತ್ತದೆ. ಇದರ ಅರ್ಧವನ್ನು ವರಮಾನದಿಂದ ಕಳೆಯಬಹುದು, ಆದರೆ ಆದಾಯ ತೆರಿಗೆ ಇದರ ಮೇಲೆ ಬೇರೆಯೇ ಉಂಟು, ಅದೂ ಜಂಟಿ ರಿಟರ್ನ್ ಹಾಕುವವರಿಗೆ ಗಂಡ-ಹೆಂಡಿರ ಸಂಬಳ ಸೇರಿ ಮುಟ್ಟಿದ ಸ್ಲ್ಯಾಬಿನಲ್ಲಿ. ಆದ್ದರಿಂದ ಚೆಕ್ ಬಂದ ದಿನವೇ ಮೂರನೇ ಒಂದು ಭಾಗವನ್ನು ಬೇರೆ ಖಾತೆಗೆ ಹಾಕಿ, ಅದನ್ನು ಮರೆತುಬಿಡಿ.

“ಫಾರ್ಮೇ ಬರಲಿಲ್ಲವಲ್ಲ” ಎಂದು ಪ್ರತಿ ವರ್ಷ ಯಾರಾದರೊಬ್ಬರು ಸಂಘದ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತು ನಿಶ್ಚಿಂತೆಯಿಂದ ಹೇಳುವುದನ್ನು ಕೇಳಿದ್ದೇವೆ. ಕಾಂಟ್ರ್ಯಾಕ್ಟ್ ಕೆಲಸಕ್ಕೆ ಎಷ್ಟು ಕೊಟ್ಟೆವೆಂದು ಹಣ ಕೊಟ್ಟವರು ಕಳಿಸುವ 1099-ಎನ್ಇಸಿ ಫಾರ್ಮಿನ 600 ಡಾಲರ್ ಮಿತಿ, 2026ರಿಂದ ನೀಡುವ ಹಣಕ್ಕೆ 2,000 ಡಾಲರ್ ಮಿತಿ, ಫಾರ್ಮ್ ಕಳಿಸಬೇಕಾದವರಿಗೆ ಸಂಬಂಧಿಸಿದ್ದು. ವರಮಾನ ತೋರಿಸುವ ಹೊಣೆಗೆ ಅಂಥ ಮಿತಿಯಿಲ್ಲ. ಸಂಗೀತ ಪಾಠದ ನಗದೂ ವರಮಾನವೇ. ನೀವು ಇಲ್ಲಿಯ ತೆರಿಗೆ ನಿಯಮದಲ್ಲಿ ರೆಸಿಡೆಂಟ್ ಆಗಿದ್ದರೆ, ಬೆಂಗಳೂರಿನ ಗಿರಾಕಿ ಜಯನಗರದ ನಿಮ್ಮ ಬ್ಯಾಂಕ್ ಖಾತೆಗೆ ಹಾಕಿದ ರೂಪಾಯಿಯನ್ನೂ ಡಾಲರಿಗೆ ಪರಿವರ್ತಿಸಿ ತೋರಿಸಬೇಕು. ವರ್ಷವೆಂದರೆ ಇಲ್ಲಿ ಜನವರಿಯಿಂದ ಡಿಸೆಂಬರ್. ಮಾರ್ಚ್ 31ರ ಲೆಕ್ಕವನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟು ಬನ್ನಿ.

ಕಂತಿನ ದಿನಗಳು

ಈ ಹಣದಿಂದ ಯಾರೂ ತೆರಿಗೆ ಹಿಡಿಯದ ಕಾರಣ, ವರ್ಷದ ಅಂದಾಜು ತೆರಿಗೆಯನ್ನು ನೀವೇ ನಾಲ್ಕು ಕಂತುಗಳಲ್ಲಿ ಕಟ್ಟಬೇಕು: ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15, ಮರುವರ್ಷದ ಜನವರಿ 15. ಅದಕ್ಕಿರುವುದು ಫಾರ್ಮ್ 1040-ಇಎಸ್.

ಕಡಿತ ಕಳೆದು ವರ್ಷಾಂತ್ಯಕ್ಕೆ ಬಾಕಿ ಉಳಿಯುವುದು 1,000 ಡಾಲರಿಗಿಂತ ಕಡಿಮೆಯಾದರೆ ಕಂತು ತಪ್ಪಿದ ದಂಡವಿಲ್ಲ. ಬಾಳಸಂಗಾತಿಗೆ ಸಂಬಳದ ಕೆಲಸವಿದ್ದು ಜಂಟಿ ರಿಟರ್ನ್ ಹಾಕುವವರಿಗೆ ಇನ್ನೂ ಸುಲಭದ ದಾರಿಯಿದೆ: ಅವರ ಕಂಪನಿಗೆ ಸಂಬಳದಿಂದ ಎಷ್ಟು ತೆರಿಗೆ ಹಿಡಿಯಬೇಕೆಂದು ತಿಳಿಸುವ ಡಬ್ಲ್ಯು-4 ಫಾರ್ಮನ್ನು ಹೊಸದಾಗಿ ಕೊಟ್ಟು ಹೆಚ್ಚು ಕಡಿತ ಮಾಡಿಸುವುದು. ಸಂಬಳದ ಕಡಿತ ನವೆಂಬರಿನಲ್ಲಿ ಹೆಚ್ಚಾದರೂ ವರ್ಷವಿಡೀ ಸಮನಾಗಿ ಕಟ್ಟಿದಂತೆಯೇ ಲೆಕ್ಕ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಖರ್ಚಿನ ಚೀಟಿಗಳು

ನಾನು ರಸೀದಿಗಳನ್ನೆಲ್ಲ ಮೈಸೂರು ಪಾಕಿನ ಖಾಲಿ ಡಬ್ಬಿಯಲ್ಲಿ ಶ್ರದ್ಧೆಯಿಂದ ತುಂಬಿಟ್ಟಿದ್ದೆ. ತೆಗೆದು ನೋಡಿದರೆ ಅಂಗಡಿಯ ಹೆಸರೂ ಮೊತ್ತವೂ ಮಾಸಿ, ಬಿಳಿ ಕಾಗದದ ಸುರುಳಿಗಳಷ್ಟೇ ಉಳಿದಿದ್ದವು. ಆಯಾ ದಿನವೇ ಫೋನಿನಲ್ಲಿ ಫೋಟೋ ತೆಗೆದಿಡಿ. ಗಿರಾಕಿಯಿಂದ ಗಿರಾಕಿಗೆ ಕಾರಿನಲ್ಲಿ ಓಡಾಡಿದ್ದಕ್ಕೆ ಖರ್ಚೆಂದು ಕಳೆಯಬಹುದಾದ 2025ರ ದರ ಮೈಲಿಗೆ 70 ಸೆಂಟ್. ದಿನಾಂಕ, ಹೋದ ಜಾಗ, ಕಾರಣ, ಮೈಲಿ ಬರೆದಿಡಬೇಕು. ಮನೆಯಿಂದ ದಿನವೂ ಒಂದೇ ಆಫೀಸಿಗೆ ಹೋಗುವ ಓಡಾಟ ಇದಕ್ಕೆ ಸೇರದು.

ರಾಜ್ಯದ ತೆರಿಗೆ

ಟೆಕ್ಸಾಸ್, ವಾಷಿಂಗ್ಟನ್, ಫ್ಲಾರಿಡಾ ರಾಜ್ಯಗಳಲ್ಲಿ ಈ ವರಮಾನಕ್ಕೆ ವ್ಯಕ್ತಿಗಳ ಆದಾಯ ತೆರಿಗೆ ಇಲ್ಲ. ಕ್ಯಾಲಿಫೋರ್ನಿಯದಲ್ಲಿ ಉಂಟು, ಅಲ್ಲಿಯ ಕಂತುಗಳೂ ಸಮನಾಗಿಲ್ಲ: ಶೇ. 30, 40, ಮೂರನೆಯದು ಸೊನ್ನೆ, ಕೊನೆಗೆ 30.