ಸ್ಪ್ಯಾನಿಷ್‌ನಲ್ಲಿ ‘ಕೂತ್ಕೋ’, ‘ಮಲಕ್ಕೋ’ ಹೇಳುವುದು: ನಾನು ಹಿಡಿದಿರುವ ಕ್ರಮ

ಸೆಂತಾರ್ಸೆ ಎಂದರೆ ಕೂತುಕೊಳ್ಳು, ಅಕೊಸ್ತಾರ್ಸೆ ಎಂದರೆ ಮಲಗಿಕೊಳ್ಳು, ದೊರ್ಮೀರ್ಸೆ ನಿದ್ದೆಹೋಗು, ಬೆಸ್ತೀರ್ಸೆ ಬಟ್ಟೆ ಹಾಕಿಕೊಳ್ಳು. ಈ ನಾಲ್ಕರ ಆಜ್ಞಾರೂಪ ಸಲೀಸಾಗಿ ಬಾಯಿಗೆ ಬಂದರೆ ಈ ಜಾತಿಯ ಉಳಿದ ಕ್ರಿಯಾಪದಗಳು ಅಷ್ಟಾಗಿ ಕಾಡುವುದಿಲ್ಲ. ತೊಡಕು ಏನೆಂದರೆ ಒಂದೇ ಪದದಲ್ಲಿ ಮೂರು ಕೆಲಸ ಆಗಬೇಕು: ಒಳಗಿನ ಸ್ವರ ಬದಲಾಗಬೇಕು, ಕೊನೆಗೆ ಸರ್ವನಾಮ ಅಂಟಬೇಕು, ಬರೆಯುವಾಗ ಒತ್ತುಗೆರೆ (ಒತ್ತು ತೋರಿಸಲು ಸ್ವರದ ಮೇಲೆ ಎಳೆಯುವ ಓರೆಗೆರೆ) ಸರಿಯಾದ ಸ್ವರದ ಮೇಲೆ ಬೀಳಬೇಕು. ಮೂರನ್ನೂ ಒಟ್ಟಿಗೆ ತಲೆಗೆ ಹಾಕಿಕೊಂಡರೆ ಗೋಜಲು. ನಾನು ಇದೇ ಅನುಕ್ರಮದಲ್ಲಿ ಒಂದು ಮುಗಿದ ಮೇಲೆ ಇನ್ನೊಂದನ್ನು ಮಾಡುತ್ತೇನೆ.

(ಇಲ್ಲಿನ ಸ್ಪ್ಯಾನಿಷ್ ಪದಗಳಲ್ಲಿ ದೀರ್ಘ ಕಂಡ ಕಡೆ ಉಚ್ಚಾರದ ಒತ್ತು ಇದೆ ಎಂದು ಓದಿಕೊಳ್ಳಿ. ಆ ಭಾಷೆಯಲ್ಲಿ ಹ್ರಸ್ವ-ದೀರ್ಘದಿಂದ ಅರ್ಥ ಬದಲಾಗುವುದಿಲ್ಲ, ಒತ್ತಿನಿಂದ ಬದಲಾಗುತ್ತದೆ.)

‘ತೂ’, ಅಂದರೆ ನೀನು ಎನ್ನುವವರಿಗೆ ಆಜ್ಞೆ ಮಾಡುವಾಗ ನಿಘಂಟಿನ ರೂಪದಿಂದ ಹೊರಡಬೇಡಿ. ವರ್ತಮಾನಕಾಲದಲ್ಲಿ ಅವನು, ಅವಳು ಎನ್ನುವುದಕ್ಕೆ ಬರುವ ರೂಪವನ್ನು ಹಾಗೇ ಎತ್ತಿಕೊಳ್ಳಿ: ಅಕ್ವೇಸ್ತ, ಸ್ಯೇಂತ, ದ್ವೇರ್ಮೆ, ಬೀಸ್ತೆ. ಸ್ವರ ಅಲ್ಲಿ ಆಗಲೇ ಬದಲಾಗಿರುತ್ತದೆ. ಕೊನೆಗೆ ‘ತೆ’ ಅಂಟಿಸಿದರೆ ಅಕ್ವೇಸ್ತತೆ, ಸ್ಯೇಂತತೆ, ದ್ವೇರ್ಮೆತೆ, ಬೀಸ್ತೆತೆ. ಕನ್ನಡಿಗರು ಎಡವುವುದು ಈ ಅಂಟಿಸುವ ಕಡೆ. ನಮ್ಮ ‘ಕೊಳ್ಳು’ ಯಾರಿಗೆ ಹೇಳಿದರೂ ಕೊಳ್ಳು ಆಗಿಯೇ ಇರುತ್ತದೆ. ಸ್ಪ್ಯಾನಿಷ್‌ನದು ಆಳಿಗೆ ತಕ್ಕಂತೆ ತೆ, ಸೆ, ಒಸ್, ನೊಸ್ ಎಂದು ಬದಲಾಗುತ್ತದೆ. ‘ಕೊಳ್ಳು’ವಿನ ಅಭ್ಯಾಸದಿಂದ ನಾವು ನಿಘಂಟಿನಲ್ಲಿರುವ ‘ಸೆ’ಯನ್ನೇ ಎಲ್ಲ ಕಡೆ ಉಳಿಸಿಕೊಂಡುಬಿಡುತ್ತೇವೆ.

ಗೌರವದ ‘ಉಸ್ತೇದ್’ಗೆ ಬೇರೆ ದಾರಿ. ‘ನಾನು’ ರೂಪ ತೆಗೆದುಕೊಂಡು ಕೊನೆಯ ‘ಒ’ ಕಿತ್ತು, ‘ಸೆ’ ತೆಗೆದ ನಿಘಂಟಿನ ರೂಪ ಆರ್ ಎಂದು ಮುಗಿಯುವ ಗುಂಪಿನದಾದರೆ ‘ಎ’, ಇರ್ ಮತ್ತು ಎರ್ ಗುಂಪಿನದಾದರೆ ‘ಅ’ ಹಾಕಬೇಕು. ಅಕ್ವೇಸ್ತೊ ಹೋಗಿ ಅಕ್ವೇಸ್ತೆ, ಅದಕ್ಕೆ ‘ಸೆ’ ಸೇರಿ ಅಕ್ವೇಸ್ತೆಸೆ. ದ್ವೇರ್ಮೊ ಹೋಗಿ ದ್ವೇರ್ಮ, ದ್ವೇರ್ಮಸೆ. ಹಲವರಿಗೆ ಹೇಳುವಾಗ ‘ಉಸ್ತೇದೆಸ್’. ಆಗ ‘ನ್’ ಬರಬೇಕಾದ್ದು ‘ಸೆ’ಗಿಂತ ಮುಂಚೆ: ಅಕ್ವೇಸ್ತೆನ್ಸೆ. ಬಾಯಿಮಾತಿನಲ್ಲಿ ಆ ‘ನ್’ ಅನ್ನು ಕೊನೆಗೆ ತಳ್ಳುವ ‘ಸ್ಯೇಂತೆಸೆನ್’ ಕೂಡ ಕಿವಿಗೆ ಬೀಳುತ್ತದೆ. ಶಿಷ್ಟ ಭಾಷೆಯಲ್ಲಿ ಅದು ತಪ್ಪು, ಕಲಿಯುವುದು ಬೇಡ.

ನಿಜವಾಗಿ ತಾಳ್ಮೆ ಬೇಕಾದ ಜಾಗ ಸೆಂತಾರ್ಸೆ ಮತ್ತು ಸೆಂತೀರ್ಸೆ. ಒಂದು ಕೂತುಕೊಳ್ಳುವುದು, ಇನ್ನೊಂದು ಮನಸ್ಸಿಗೆ ಅನ್ನಿಸುವುದು. ‘ನಾನು’ ರೂಪ ಎರಡಕ್ಕೂ ಸ್ಯೇಂತೊ. ಆಜ್ಞೆಯಲ್ಲಿ ಇವೆರಡರ ಸ್ವರಗಳು ಅದಲುಬದಲು. ನೀನು ಕೂತ್ಕೋ ಎನ್ನಲು ಸ್ಯೇಂತತೆ, ನೀವು ಕೂತ್ಕೊಳ್ಳಿ ಎನ್ನಲು ಸ್ಯೇಂತೆಸೆ. ಅನ್ನಿಸುವುದಕ್ಕೆ ನೀನು ಎಂದಾಗ ಸ್ಯೇಂತೆತೆ, ನೀವು ಎಂದಾಗ ಸ್ಯೇಂತಸೆ. ಬಂದವರಿಗೆ ಕುರ್ಚಿ ತೋರಿಸಿ ‘ಸ್ಯೇಂತಸೆ’ ಎಂದರೆ ಅರ್ಥ ಕೆಡುತ್ತದೆ. ಈ ನಾಲ್ಕನ್ನು ಒಂದೇ ಹಾಳೆಯಲ್ಲಿ ಎರಡು ಸಾಲಾಗಿ ಬರೆದು, ಅಡ್ಡಡ್ಡ ಒಮ್ಮೆ, ಮೇಲಿಂದ ಕೆಳಗೆ ಒಮ್ಮೆ ಜೋರಾಗಿ ಓದುವುದೇ ನನಗೆ ಗೊತ್ತಿರುವ ಮದ್ದು.

ಇನ್ನು ಸ್ವರ ಬದಲಾಗದ ರೂಪಗಳು. ಸ್ಪೇನ್‌ನಲ್ಲಿ ಸಲುಗೆಯ ಬಹುವಚನ ‘ಬೊಸೋತ್ರೊಸ್’. ಅದಕ್ಕೆ ಸೆಂತಾದ್ ರೂಪದ ಕೊನೆಯ ‘ದ್’ ಬಿದ್ದುಹೋಗಿ ‘ಒಸ್’ ಸೇರುತ್ತದೆ: ಸೆಂತಾಒಸ್, ಅಕೊಸ್ತಾಒಸ್, ದೊರ್ಮೀಒಸ್. ‘ದ್’ ಉಳಿಯುವುದು ಹೊರಟುಹೋಗು ಎನ್ನುವ ಈರ್ಸೆಯಲ್ಲಿ ಮಾತ್ರ, ಈದೊಸ್ ಎಂದು. ಮಾತಿನಲ್ಲಿ ಬೇರೂರಿದ್ದ ಈರೊಸ್ ಅನ್ನೂ ರಾಯಲ್ ಸ್ಪ್ಯಾನಿಷ್ ಅಕಾಡೆಮಿ 2017ರಲ್ಲಿ ಒಪ್ಪಿಕೊಂಡಿತು. ಅರ್ಜೆಂಟೀನಾ, ಉರುಗ್ವೆ ಕಡೆ ‘ನೀನು’ ಎನ್ನಲು ಬಳಸುವ ‘ಬೋಸ್’ಗೂ ಸ್ವರ ಹಾಗೇ: ಸೆಂತಾತೆ, ಅಕೊಸ್ತಾತೆ, ದೊರ್ಮೀತೆ. ಇದನ್ನು ಅಪವಾದಗಳ ಪಟ್ಟಿ ಎಂದು ಬಾಯಿಪಾಠ ಮಾಡಬೇಕಿಲ್ಲ. ಒತ್ತು ಧಾತುವಿನ ಮೇಲೆ ಕೂತಾಗ ‘ಎ’ ಒಡೆದು ‘ಯೆ’, ‘ಒ’ ಒಡೆದು ‘ವೆ’ ಆಗುತ್ತದೆ. ಒತ್ತು ಮುಂದೆ ಸರಿದರೆ ಒಡೆಯುವುದಿಲ್ಲ. ಬೆಸ್ತೀರ್ಸೆಯಲ್ಲಿ ಮಾತ್ರ ಒತ್ತು ಕೂತಾಗ ‘ಎ’ ಒಡೆಯದೆ ‘ಇ’ ಆಗುತ್ತದೆ, ಮೇಲಿನ ಉಳಿದ ರೂಪಗಳಿಗೆಲ್ಲ ಇದೇ ಲೆಕ್ಕ.

‘ಕೂತುಕೊಳ್ಳೋಣ’ ಎನ್ನುವಲ್ಲಿ ಸೆಂತೇಮೊಸ್‌ನ ಕೊನೆಯ ‘ಸ್’ ಬಿಟ್ಟು ‘ನೊಸ್’ ಸೇರಿಸಿ: ಸೆಂತೇಮೊನೊಸ್. ಇಲ್ಲಿ ಇರ್ ಗುಂಪು ಮಾತ್ರ ಕೈಕೊಡುತ್ತದೆ. ಒತ್ತು ಸರಿದರೂ ‘ಒ’ ಸುಮ್ಮನಿರದೆ ‘ಉ’ ಆಗುತ್ತದೆ, ‘ಎ’ ‘ಇ’ ಆಗುತ್ತದೆ: ದುರ್ಮಾಮೊನೊಸ್, ಬಿಸ್ತಾಮೊನೊಸ್. ಇದಕ್ಕೆ ಬಾಯಿಪಾಠವೇ ಗತಿ.

ಒತ್ತುಗೆರೆ ಕೊನೆಯ ಕೆಲಸ. ಸ್ವರ, ಎನ್ ಅಥವಾ ಎಸ್ ಅಕ್ಷರದಿಂದ ಮುಗಿಯುವ ಪದದ ಒತ್ತು ತಾನಾಗಿಯೇ ಕೊನೆಯಿಂದ ಎರಡನೆಯ ಉಚ್ಚಾರಾಂಶಕ್ಕೆ ಹೋಗುತ್ತದೆ. ‘ತೆ’ ಅಂಟಿದಾಗ ಪದ ಉದ್ದವಾಯಿತು, ಒತ್ತು ಮಾತ್ರ ಹಳೆಯ ಜಾಗದಲ್ಲೇ ಉಳಿದು ಕೊನೆಯಿಂದ ಮೂರನೆಯದಾಯಿತು. ಹಾಗಾದರೆ ಗೆರೆ ಕಡ್ಡಾಯ. ಗೆರೆ ಬಿಟ್ಟು ಬರೆದ ಅಕ್ವೇಸ್ತತೆಯನ್ನು ನಿಯಮದಂತೆ ಓದಿದರೆ ಅಕ್ವೆಸ್ತಾತೆ ಆಗಿಬಿಡುತ್ತದೆ. ಜೋಡಿಸ್ವರದಲ್ಲಿ ಗೆರೆ ಬೀಳುವುದು ‘ಇ’, ‘ಉ’ ಮೇಲಲ್ಲ, ‘ಎ’ ಮೇಲೆ. ‘ಬೋಸ್’ ರೂಪಗಳಲ್ಲಿ ಒತ್ತು ಕೊನೆಯಿಂದ ಎರಡನೆಯದೇ ಆಗಿರುವುದರಿಂದ ಗೆರೆ ಬೇಡ. ದೊರ್ಮೀಒಸ್‌ನಂಥವಕ್ಕೆ ಬೇಕು, ಇಲ್ಲದಿದ್ದರೆ ‘ಇ’ ಮತ್ತು ‘ಒ’ ಒಂದೇ ಉಚ್ಚಾರಾಂಶವಾಗಿ ಕೂಡಿಕೊಳ್ಳುತ್ತವೆ.

ಕಾಗುಣಿತದ ಇನ್ನೊಂದು ಸಣ್ಣ ಕಿರಿಕಿರಿ: ಶ್ರಮಪಡು ಎನ್ನುವ ಎಸ್ಫೊರ್ಸಾರ್ಸೆಯಲ್ಲಿ ಝೆಡ್ ಇದೆ. ಎಸ್ಫ್ವೇರ್ಸತೆಯಲ್ಲಿ ಅದು ಉಳಿಯುತ್ತದೆ, ಉಸ್ತೇದ್ ರೂಪ ಎಸ್ಫ್ವೇರ್ಸೆಸೆಯಲ್ಲಿ ‘ಎ’ ಮುಂದೆ ಬರುವುದರಿಂದ ಸಿ ಆಗುತ್ತದೆ. ನಿರಾಕರಿಸು ಎನ್ನುವ ನೆಗಾರ್ಸೆಯ ನ್ಯೇಗೆಸೆಯಲ್ಲಿ ಜಿ ಆದ ಮೇಲೆ ಯು ಸೇರಿಸದಿದ್ದರೆ ‘ಗ’ದ ಸದ್ದೇ ಕೆಡುತ್ತದೆ.

ಇಷ್ಟೂ ‘ಮಾಡು’ ಎನ್ನುವುದಕ್ಕೆ. ‘ಬೇಡ’ ಎಂದಾಗ ಸರ್ವನಾಮ ಕಳಚಿಕೊಂಡು ಮುಂದೆ ಹೋಗುತ್ತದೆ: ನೊ ತೆ ಅಕ್ವೇಸ್ತೆಸ್. ಅಲ್ಲಿ ಗೆರೆಯೂ ಇಲ್ಲ. ಅಭ್ಯಾಸ ಮಾಡುವಾಗ ಬೇಕು-ಬೇಡ ಎರಡನ್ನೂ ಜೋಡಿಯಾಗಿಯೇ ಹೇಳುವುದು ಒಳ್ಳೆಯದು. ಕೈ ಪಳಗಿದ ಮೇಲೆ ಎರಡು ಸರ್ವನಾಮ ಅಂಟಿಸಿ ನೋಡಿ. ಬಟ್ಟೆ ಹಾಕಿ ನೋಡು ಎನ್ನಲು ಪ್ರೊಬಾರ್ಸೆ. ‘ಅದನ್ನು ಹಾಕಿಕೊಂಡು ನೋಡು’ ಎಂದರೆ ಪ್ರ್ವೇಬತೆಲೊ, ‘ನೋಡಿ’ ಎಂದರೆ ಪ್ರ್ವೇಬೆಸೆಲೊ. ಒತ್ತು ಕೊನೆಯಿಂದ ನಾಲ್ಕನೆಯದಕ್ಕೆ ಹೋಯಿತು, ಗೆರೆ ಮಾತ್ರ ಅದೇ ‘ಎ’ ಮೇಲೆ.